ಮೆಟ್ಟಿಲ ಮೇಲಿನ ನೀರಿಗೆ ಯಾರು ಹೊಣೆ?

ಮುಂಬೈಯ ಮುಲುಂಡಿನ ನಮ್ಮ ಮನೆಯ ಹಾಲ್‌ನಲ್ಲೇ ನನ್ನ ಹೊಲಿಗೆ ಮಿಷನ್ ಇದೆ. ಬ್ಲೌಸ್, ಪಿಕೋ-ಫಾಲ್, ಮಕ್ಕಳ ಲಂಗ ಹೊಲಿದು ಕೊಡುತ್ತೇನೆ. ಚೌತಿಯಿಂದ ದೀಪಾವಳಿವರೆಗೆ ಕೈಗೆ ಬಿಡುವೇ ಇರುವುದಿಲ್ಲ. ಹೋದ ವರ್ಷ ಆ ಸೀಸನ್ ಪೂರ್ತಿ ಕತ್ತರಿ ಹಿಡಿಯಲಾಗಲಿಲ್ಲ. ಗೋವಾದ ಒಂದು ಹೋಟೆಲಿನ ಮೆಟ್ಟಿಲಲ್ಲಿ ಜಾರಿ ಬಿದ್ದು ಬಲಗೈ ಮಣಿಕಟ್ಟು ಮುರಿದಿತ್ತು.

ಮಳೆಗಾಲದಲ್ಲಿ ಅಲ್ಲಿ ರೂಮು ಅಗ್ಗ ಅಂತ ಕೊಂಕಣ ರೈಲ್ವೆಯಲ್ಲಿ ಮಡಗಾಂವ್‌ಗೆ ಹೋಗಿದ್ದೆವು. ಬೆಳಿಗ್ಗೆ ತಿಂಡಿಗೆಂದು ಕೆಳಗಿಳಿಯುವಾಗ ಕಾಲು ಹೋಯಿತು. ಪಾಲಿಶ್ ಮಾಡಿದ ಗ್ರಾನೈಟ್ ಮೆಟ್ಟಿಲು, ಮೇಲೆ ತೆಳ್ಳಗೆ ನೀರು. ಹಿಡಿದುಕೊಳ್ಳಲು ಕಂಬಿ ಇಲ್ಲ, ಜಾರುತ್ತದೆ ಅನ್ನುವ ಬೋರ್ಡೂ ಇಲ್ಲ.

ಮೊದಲು ಓಡಿ ಬಂದವನು ಹೌಸ್‌ಕೀಪಿಂಗ್ ಹುಡುಗ. ನಾನು "ಅಯ್ಯೋ ಅಮ್ಮಾ" ಅಂದದ್ದು ಕೇಳಿ ಕನ್ನಡದಲ್ಲೇ ಮಾತಾಡಿದ. "ಕೈ ಊರಬ್ಯಾಡ್ರಿ ಅಕ್ಕಾರ, ಹಂಗ ಕುಂದರ್ರಿ." ಹಾವೇರಿ ಕಡೆಯವನು. ಆಸ್ಪತ್ರೆಗೂ ಜೊತೆಗೆ ಬಂದ. ಎಕ್ಸ್‌ರೇಗೆ ಕಾಯುತ್ತಿದ್ದಾಗ ಮೆಲ್ಲಗೆ ಹೇಳಿದ: "ಆ ಏಸಿ ಪೈಪ್ ಸೋರ್ತೈತಿ ಅಂತ ಸೂಪರ್‌ವೈಸರ್‌ಗೆ ಬಾಳ ಸಲ ಹೇಳೀನ್ರಿ. ಬಕೆಟ್ ಇಡು ಅಂದ್ರು. ಇಟ್ಟೆ. ಗೆಸ್ಟ್‌ಗೆ ಚೆಂದ ಕಾಣಂಗಿಲ್ಲ, ತಗಿ ಅಂದ್ರು."

ನನ್ನನ್ನು ಟ್ಯಾಕ್ಸಿಯಲ್ಲಿ ಕೂರಿಸುವ ಮೊದಲು ನಮ್ಮೆಜಮಾನರು ಮೊಬೈಲಿನಲ್ಲಿ ಫೋಟೋ ತೆಗೆದಿದ್ದರು. ಆ ಫೋಟೋವನ್ನು ಆಮೇಲೆ ಎಷ್ಟು ಸಲ ದೊಡ್ಡದು ಮಾಡಿ ನೋಡಿದ್ದೇನೋ. ಗೋಡೆಯಲ್ಲಿ ಪೈಪಿನ ಬಾಯಿ, ಅಲ್ಲಿಂದ ಮೆಟ್ಟಿಲಿನವರೆಗೆ ಹಸಿರು ಪಾಚಿಯ ಗೆರೆ. ಅದು ಒಳಗಿನ ಗೋಡೆ, ಮಳೆ ಬೀಳುವ ಜಾಗವಲ್ಲ. ಮೇಲಿನ ಮೆಟ್ಟಿಲೂ ಒಣಗಿದೆ, ಕೆಳಗಿನದೂ ಒಣಗಿದೆ. ಒಂದೆರಡು ದಿನ ನೀರು ಬಿದ್ದರೆ ಪಾಚಿ ಕಟ್ಟುತ್ತದಾ?

ಮುಂಬೈಗೆ ಬಂದ ಮೇಲೆ ಹೋಟೆಲಿನಿಂದ ಮೇಲ್ ಬಂತು. ರೂಮಿನ ಬಾಡಿಗೆ ವಾಪಸ್ ಕೊಡುತ್ತೇವೆ, ಗೋವಾದ ಆಸ್ಪತ್ರೆ ಬಿಲ್ಲೂ ಕೊಡುತ್ತೇವೆ, ಮುಂದೆ ಯಾವ ಬೇಡಿಕೆಯೂ ಇಲ್ಲ ಅಂತ ಸಹಿ ಮಾಡಿ ಕಳಿಸಿ ಅಂತ. ಕೊನೆಗೆ ಇನ್ನೊಂದು ಸಾಲು: ನೆಲ ಒರೆಸಿ ನೀರು ಬಿಟ್ಟ ಸಿಬ್ಬಂದಿಯನ್ನು ಕೆಲಸದಿಂದ ತೆಗೆದಿದ್ದೇವೆ.

ನನಗೆ ಸಮಾಧಾನವಾಗಲಿ ಅಂತ ಬರೆದಿರಬೇಕು. ಓದಿ ಹೊಟ್ಟೆ ಉರಿಯಿತು. ಆ ಹುಡುಗ ಅವತ್ತು ನೆಲವನ್ನೇ ಒರೆಸಿರಲಿಲ್ಲ.

ಮನೆಯಲ್ಲಿ ಎಲ್ಲರದ್ದೂ ಒಂದೊಂದು ಮಾತು. ಅತ್ತೆ, "ಕೊಟ್ಟಷ್ಟು ತಗೊಂಡು ಸುಮ್ನಿರು, ಕೋರ್ಟಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅಂತಾರೆ" ಅಂದರು. ಅತ್ತೆ ಹೇಳುವುದರಲ್ಲೂ ಅರ್ಥವಿದೆ. ಅವರ ತವರಿನಲ್ಲಿ ಜಮೀನಿನ ವ್ಯಾಜ್ಯ ಎರಡು ತಲೆಮಾರು ನಡೆದಿದೆ. ನಮ್ಮೆಜಮಾನರು, "ಕೈ ನಿನ್ನದು, ನೀನೇ ಹೇಳು" ಅಂದರು.

ಪರಿಚಯದ ವಕೀಲರೊಬ್ಬರ ಹತ್ತಿರ ಹೋದೆವು. ಧಾರವಾಡದವರು, ಅವಸರವಿಲ್ಲದೆ ಬಿಡಿಸಿ ಹೇಳಿದರು. ಇದಕ್ಕೆ ಸಿವಿಲ್ ಕೋರ್ಟಿಗೇ ಹೋಗಬೇಕೆಂದಿಲ್ಲ, ಗ್ರಾಹಕ ಆಯೋಗ ಇದೆ. ಮೊದಲಾಗಿದ್ದರೆ ಗೋವಾಕ್ಕೇ ಓಡಾಡಬೇಕಾಗುತ್ತಿತ್ತು. 2019ರ ಹೊಸ ಕಾಯ್ದೆ ಬಂದ ಮೇಲೆ ನಾವು ಇರುವ ಊರಲ್ಲೇ ದೂರು ಕೊಡಬಹುದು. ನಮಗೆ ಬಾಂದ್ರಾ ಪೂರ್ವದಲ್ಲಿರುವ ಜಿಲ್ಲಾ ಆಯೋಗ. ಶುಲ್ಕ ಲೆಕ್ಕ ಹಾಕುವುದು ನಾವು ಕೇಳುವ ಪರಿಹಾರದ ಮೇಲಲ್ಲ, ಹೋಟೆಲಿಗೆ ಕೊಟ್ಟ ದುಡ್ಡಿನ ಮೇಲೆ. ಅದು 5 ಲಕ್ಷದೊಳಗಿದ್ದರೆ ಶುಲ್ಕವೇ ಇಲ್ಲ. ಬೇಕಾದರೆ ವಕೀಲರಿಲ್ಲದೆ ನಾವೇ ವಾದಿಸಬಹುದು. ಆದರೆ 2 ವರ್ಷದೊಳಗೆ ದೂರು ಸಲ್ಲಿಸಬೇಕು.

"ಎಷ್ಟು ದಿನ ಹಿಡಿಯುತ್ತದೆ ಸರ್?" ಅಂತ ಕೇಳಿದೆ.

"ಕಾಯ್ದೆಯಲ್ಲಿ 3 ತಿಂಗಳು ಅಂತ ಇದೆ ತಂಗಿ. ನೀವು ಮಾತ್ರ ವರ್ಷದ ಲೆಕ್ಕದಾಗ ಇರ್ರಿ."

ಒಂದು ಹಳೆಯ ಕೇಸನ್ನೂ ಹೇಳಿದರು. 1972ರಲ್ಲಿ ದೆಹಲಿಯ ಐದು ನಕ್ಷತ್ರದ ಹೋಟೆಲೊಂದರ ಈಜುಕೊಳಕ್ಕೆ ಜರ್ಮನಿಯ ವಿಮಾನ ಕಂಪನಿಯ ಸಹ ಪೈಲಟ್ ಒಬ್ಬರು ಧುಮುಕಿದಾಗ ತಲೆ ತಳಕ್ಕೆ ಬಡಿದು ಪಾರ್ಶ್ವವಾಯುವಾಯಿತು. ಅಷ್ಟು ದುಬಾರಿ ಹೋಟೆಲಿಗೆ ಅಷ್ಟೇ ಹೆಚ್ಚಿನ ಎಚ್ಚರದ ಹೊಣೆಯೂ ಇರುತ್ತದೆ ಅಂತ ದೆಹಲಿ ಹೈಕೋರ್ಟ್ 50 ಲಕ್ಷ ಪರಿಹಾರಕ್ಕೆ ಆದೇಶಿಸಿತು. ತೀರ್ಪು ಬಂದದ್ದು 1997ರಲ್ಲಿ. ಅವರು 1985ರಲ್ಲೇ ತೀರಿಕೊಂಡಿದ್ದರು. ಹೋಟೆಲಿನವರು ಮೇಲ್ಮನವಿಗೂ ಹೋದರು. ಇದನ್ನು ಕೇಳಿ ವಾಪಸ್ ಬರುವಾಗ ಲೋಕಲ್ ಟ್ರೇನಿನಲ್ಲಿ ನಾವಿಬ್ಬರೂ ಮಾತೇ ಆಡಲಿಲ್ಲ. ದುಡ್ಡಿಗಾಗಿ ಮಾತ್ರ ಆಗಿದ್ದರೆ ಅವತ್ತೇ ಬಿಟ್ಟುಬಿಡುತ್ತಿದ್ದೆ.

ದುಡಿಮೆಯ ನಷ್ಟಕ್ಕೆ ದಾಖಲೆ ಬೇಕು ಅಂದಿದ್ದರು ವಕೀಲರು. ಮನೆಯಲ್ಲೇ ಕೂತು ಹೊಲಿಯುವವಳಿಗೆ ಸಂಬಳದ ಚೀಟಿ ಎಲ್ಲಿಂದ ಬರಬೇಕು? ನನ್ನ ಹತ್ತಿರ ಇದ್ದದ್ದು ಅಳತೆ ಪುಸ್ತಕ. ಎದೆ, ಸೊಂಟ, ತೋಳು, ಬೆನ್ನಿನ ಡೀಪ್, ಪಕ್ಕದಲ್ಲಿ ಡೆಲಿವರಿ ತಾರೀಖು, ಅಡ್ವಾನ್ಸ್. ಹಿಂದಿನ ವರ್ಷಗಳ ನವರಾತ್ರಿಯ ಪುಟಗಳು ಅಂಚಿನವರೆಗೂ ತುಂಬಿವೆ. ಹೋದ ವರ್ಷದ ಪುಟದಲ್ಲಿ ಎಲ್ಲ ಗೀಟು ಹಾಕಿ "ವಾಪಸ್" ಅಂತ ಬರೆದದ್ದು. ಅದೂ ಮಗಳ ಅಕ್ಷರ, ನನಗೆ ಪೆನ್ನು ಹಿಡಿಯಲು ಆಗುತ್ತಿರಲಿಲ್ಲವಲ್ಲ. ಅಡ್ವಾನ್ಸ್ ಹಿಂತಿರುಗಿಸಿದ್ದು ಗೂಗಲ್ ಪೇಯಲ್ಲಿತ್ತು. ಬ್ಯಾಂಕ್ ಸ್ಟೇಟ್‌ಮೆಂಟ್ ಜೊತೆಗಿಟ್ಟರೆ ಇದೂ ಸಾಕ್ಷಿಯೇ ಅಂದರು. ನನ್ನ ಕೆಲಸವನ್ನು ಕೆಲಸ ಅಂತ ಒಬ್ಬರು ಲೆಕ್ಕ ಹಾಕಿದ್ದು ನನಗೆ ತುಂಬ ದೊಡ್ಡದಾಗಿ ಕಂಡಿತು.

ಇನ್ನು ಆ ಹುಡುಗ. ಪೈಪಿನ ವಿಷಯ ಬಾಯಿ ಬಿಟ್ಟು ಹೇಳಬಲ್ಲವನು ಅವನೊಬ್ಬನೇ. ಫೋನ್ ಮಾಡಿದೆ. ಗೋವಾದಲ್ಲೇ ಬೇರೆ ಹೋಟೆಲಿಗೆ ಸೇರಿದ್ದ.

"ನನ್ನ ಹೆಸರು ತರಬ್ಯಾಡ್ರಿ ಅಕ್ಕಾರ. ಇಲ್ಲಿ ಹೋಟೆಲ್‌ನವರೆಲ್ಲ ಒಬ್ಬರಿಗೊಬ್ಬರು ಗೊತ್ತಿರ್ತಾರ. ಇದೂ ಹೋಗ್ತೈತಿ." ಸ್ವಲ್ಪ ತಡೆದು ಮತ್ತೆ ಅಂದ, "ಆದ್ರ ನಾ ತಪ್ಪು ಮಾಡಿಲ್ಲರಿ. ಅದನ್ನಷ್ಟು ಎಲ್ಯಾರ ಬರೀರಿ."

ಅಷ್ಟರಲ್ಲಿ ನನ್ನ ಮನಸ್ಸು ಗಟ್ಟಿಯಾಯಿತು. ಹೋಟೆಲಿನ ಕಾಗದಕ್ಕೆ ನಾನು ಸಹಿ ಹಾಕಿದರೆ ಆ ಸುಳ್ಳಿಗೂ ಸಹಿ ಹಾಕಿದಂತೆ. ನೌಕರ ತಪ್ಪು ಮಾಡಿದ್ದರೂ ಅತಿಥಿಗೆ ಉತ್ತರ ಹೇಳಬೇಕಾದವರು ಮಾಲೀಕರೇ ಅಂತ ವಕೀಲರು ಹೇಳಿದ್ದರು. ಹಾಗಿದ್ದ ಮೇಲೆ ಬಡಪಾಯಿಯನ್ನು ಮುಂದೆ ತಳ್ಳಿ ತಾವು ಹಿಂದೆ ನಿಲ್ಲುವುದು ಯಾಕೆ? ಆ ಪೈಪಿನ ಕೆಳಗೆ ಇವತ್ತೂ ಯಾರೋ ಇಳಿಯುತ್ತಿರುತ್ತಾರೆ. ನನ್ನ ಬದಲು ಅತ್ತೆ ಬಿದ್ದಿದ್ದರೆ? ಅವರ ವಯಸ್ಸಿಗೆ ಸೊಂಟ ಮುರಿದರೆ ಎದ್ದು ಓಡಾಡುವುದೇ ಕಷ್ಟ.

ದೂರಿನಲ್ಲಿ ಅವನ ಹೆಸರಿಲ್ಲ, ಅವನು ಹೇಳಿದ ಮಾತೂ ಇಲ್ಲ. ಫೋಟೋ, ಎಕ್ಸ್‌ರೇ, ಬಿಲ್ಲು, ಅಳತೆ ಪುಸ್ತಕದ ಪುಟಗಳು, ಹೋಟೆಲಿನ ಮೇಲ್ ಇವೆ. ಮೆಟ್ಟಿಲ ಹತ್ತಿರದ ಸಿಸಿಟಿವಿ ದೃಶ್ಯ ಉಳಿಸಿಡಿ ಅಂತ ಬಿದ್ದ ವಾರದಲ್ಲೇ ನಮ್ಮೆಜಮಾನರು ಬರೆದಿದ್ದ ಪತ್ರವೂ ಇದೆ. ಅದಕ್ಕೆ ಉತ್ತರ ಬಂದಿರಲಿಲ್ಲ. ಒಂದು ಸಾಲನ್ನು ಮಾತ್ರ ನಾನೇ ಹೇಳಿ ಬರೆಸಿದೆ: ನೀರು ಬಂದದ್ದು ನೆಲ ಒರೆಸಿದ್ದರಿಂದ ಅಲ್ಲ, ಆಡಳಿತದವರು ದುರಸ್ತಿ ಮಾಡದೆ ಬಿಟ್ಟ ಪೈಪಿನಿಂದ.

ಆನ್‌ಲೈನಿನಲ್ಲೇ ದೂರು ಸಲ್ಲಿಸಿದೆವು. ನೋಟಿಸ್ ಕೈಸೇರಿದ 30 ದಿನಗಳಲ್ಲಿ ಹೋಟೆಲ್ ಉತ್ತರ ಕೊಡಬೇಕು, ಆಯೋಗ ಒಪ್ಪಿದರೆ ಮತ್ತೆ 15 ದಿನ. ಅದಕ್ಕಿಂತ ಹೆಚ್ಚು ಸಿಗುವುದಿಲ್ಲ ಅಂತ ಸುಪ್ರೀಂ ಕೋರ್ಟ್ 2020ರಲ್ಲೇ ಹೇಳಿದೆಯಂತೆ. ನಡುವೆ ಆಯೋಗದವರೇ ರಾಜಿಗೆ ಕರೆಯಬಹುದು. ಕರೆದರೆ ಹೋಗುತ್ತೇನೆ. ದುಡ್ಡಿನಲ್ಲಿ ಸ್ವಲ್ಪ ಹೆಚ್ಚು ಕಡಿಮೆಯಾದರೂ ಒಪ್ಪಿಕೊಳ್ಳುತ್ತೇನೆ. ಆದರೆ ಸಿಬ್ಬಂದಿಯ ತಪ್ಪು ಅನ್ನುವ ಸಾಲು ಇರುವ ಯಾವ ಕಾಗದಕ್ಕೂ ಸಹಿ ಹಾಕುವುದಿಲ್ಲ ಅಂತ ವಕೀಲರಿಗೆ ಈಗಲೇ ಹೇಳಿಟ್ಟಿದ್ದೇನೆ.