ಕಬ್ಬಿನ ಲೆಕ್ಕಕ್ಕೆ ಒಂದು ವರ್ಷ ಸಾಲದು

ಕಳೆದ ಭಾನುವಾರ ಮದ್ದೂರು ಕಡೆಯ ನಮ್ಮೂರಿನಿಂದ ಬಂದಿದ್ದ ಅಣ್ಣ, ರಾಜಾಜಿನಗರದ ನಮ್ಮ ಮನೆಯ ಊಟದ ಮೇಜಿನ ಮೇಲೆ ತನ್ನ ಖರ್ಚಿನ ಡೈರಿಯನ್ನಿಟ್ಟು, "ಎಕರೆಗೆ ನಲವತ್ತು ಟನ್ ಬಂತು ಕಣಪ್ಪ, ದುಡ್ಡೆಲ್ಲೋಯ್ತು ನೀನೇ ನೋಡು" ಎಂದ. ಬ್ಯಾಂಕಿನಲ್ಲಿ ಬೆಳೆಸಾಲದ ಕಡತಗಳನ್ನು ವರ್ಷಗಟ್ಟಲೆ ತಿರುವಿಹಾಕಿದವನಾದರೂ, ಕಬ್ಬಿನ ಲಾಭವನ್ನು ಬರೀ ಟನ್ನಿನಲ್ಲಿ ಅಳೆಯುವುದು ಎಷ್ಟು ದಾರಿ ತಪ್ಪಿಸುತ್ತದೆಂಬುದು ನನಗೆ ಮನದಟ್ಟಾದದ್ದು ಆ ಡೈರಿಯಿಂದಲೇ.

ಇಳುವರಿ ಎಂಬ ಒಂದೇ ಮಾತು ಹೊಲದಲ್ಲಿ ಟನ್ನಿಗೂ ಕಾರ್ಖಾನೆಯಲ್ಲಿ ಸಕ್ಕರೆಯ ಪ್ರಮಾಣಕ್ಕೂ ಸಲ್ಲುತ್ತದೆ. ಗೊಂದಲದ ಅರ್ಧ ಪಾಲು ಅಲ್ಲಿಂದಲೇ ಹುಟ್ಟುತ್ತದೆ. 2025-26ರ ಹಂಗಾಮಿಗೆ ಕೇಂದ್ರ ಸರ್ಕಾರ ನಿಗದಿಪಡಿಸಿದ ಎಫ್‌ಆರ್‌ಪಿ, ಅಂದರೆ ಕಾರ್ಖಾನೆ ರೈತನಿಗೆ ಕೊಡಲೇಬೇಕಾದ ಕನಿಷ್ಠ ದರ, ಕ್ವಿಂಟಲ್‌ಗೆ 355 ರೂಪಾಯಿ, ಆದರೆ ಅದು ಶೇ 10.25ರ ಸಕ್ಕರೆ ಇಳುವರಿಗೆ. ಕಾರ್ಖಾನೆಯ ಇಳುವರಿ ಶೇ 9.5 ಅಥವಾ ಅದಕ್ಕೂ ಕಡಿಮೆಯಿದ್ದರೆ 329.05 ರೂಪಾಯಿ. ನಲವತ್ತು ಟನ್ನಿಗೆ ಈ ವ್ಯತ್ಯಾಸವೊಂದೇ 10,380 ರೂಪಾಯಿ. ಅದರಲ್ಲಿಯೂ ಕಡಿತ ಮತ್ತು ಸಾಗಣೆಯ ವೆಚ್ಚ ಮುರಿದುಕೊಂಡ ಮೇಲೆಯೇ ಉಳಿದದ್ದು ರೈತನ ಖಾತೆಗೆ ಬರುತ್ತದೆ. 1966ರ ಕಬ್ಬು ನಿಯಂತ್ರಣ ಆದೇಶದಂತೆ ಹದಿನಾಲ್ಕು ದಿನಗಳೊಳಗೆ ಹಣ ಪಾವತಿಯಾಗಬೇಕು. ಅಣ್ಣನಿಗೆ ಬಂದದ್ದು ಮೂರನೆಯ ತಿಂಗಳಲ್ಲಿ, ಅಷ್ಟರಲ್ಲಿ ಸಾಲದ ಬಡ್ಡಿಯೂ ಬೆಳೆದಿತ್ತು.

ಡೈರಿಯಲ್ಲಿ ನನ್ನ ಕಣ್ಣು ನಿಂತದ್ದು ತನಿ ಕಬ್ಬಿನ, ಅಂದರೆ ಹೊಸದಾಗಿ ನಾಟಿ ಮಾಡಿದ ಬೆಳೆಯ, ಮೊದಲ ಪುಟದಲ್ಲಿ. ಎಕರೆಗೆ ಸುಮಾರು ಮೂರು ಟನ್ ಬಿತ್ತನೆ ಕಬ್ಬು, ಉಳುಮೆ, ಸಾಲು ಹೊಡೆಸಿದ್ದು, ನಾಟಿಯ ಆಳು, ಎಲ್ಲವೂ ಒಂದೇ ಪುಟದಲ್ಲಿ ತುಂಬಿಹೋಗಿವೆ. ಕಡಿದ ಬುಡದಿಂದಲೇ ಮತ್ತೆ ಚಿಗುರುವ ಕೂಳೆ ಕಬ್ಬಿನ ವರ್ಷದಲ್ಲಿ ಆ ಪುಟ ಬಹುತೇಕ ಖಾಲಿ. ಕೂಳೆಯಲ್ಲಿ ಟನ್ ಸ್ವಲ್ಪ ಇಳಿದರೂ ಬಿತ್ತನೆಯ ಖರ್ಚಿಲ್ಲ, ಬೆಳೆಯೂ ಕೊಂಚ ಬೇಗ ಮಾಗುತ್ತದೆ. ಆದ್ದರಿಂದ ಗಳಿಕೆ ನಿಜವಾಗಿ ಇರುವುದು ಅಲ್ಲಿಯೇ ಎಂಬುದು ನನ್ನ ಅಭಿಪ್ರಾಯ. ಆದರೆ ನಮ್ಮಲ್ಲಿ ಕೂಳೆಯೆಂದರೆ ತಾನಾಗಿ ಬೆಳೆಯುವುದೆಂಬ ಅಸಡ್ಡೆ. ಕಡಿದ ಕೂಡಲೇ ಬುಡವನ್ನು ನೆಲಮಟ್ಟಕ್ಕೆ ಸವರದೆ, ಮೊಳಕೆ ಬಾರದ ಕಡೆ ಸಸಿ ತುಂಬದೆ, ತರಗಿಗೆ ಬೆಂಕಿಯಿಟ್ಟು, ಮೂರನೆಯ ಕೂಳೆಯವರೆಗೂ ಎಳೆದರೆ ಬೆಳೆ ಸೊರಗದೆ ಇನ್ನೇನಾದೀತು? ಎರಡು ಕೂಳೆಯ ಬಳಿಕ ಒಮ್ಮೆ ಭತ್ತಕ್ಕೋ ಹಸಿರು ಗೊಬ್ಬರದ ಅಪ್ಸೆಣಬಿಗೋ ಜಾಗ ಬಿಟ್ಟರೆ ಮಣ್ಣೂ ಚೇತರಿಸಿಕೊಳ್ಳುತ್ತದೆ, ರೋಗದ ಸರಪಳಿಯೂ ಕಡಿಯುತ್ತದೆ.

ಇನ್ನೊಂದು ಸೋರಿಕೆ ಸಾಲುಗಳ ನಡುವೆ. ನಾಟಿ ಮಾಡಿದ ಮೊದಲ ಮೂರು ತಿಂಗಳು ಕಬ್ಬು ನೆಲವನ್ನು ಮುಚ್ಚುವುದಿಲ್ಲ. ಆ ಬಿಸಿಲು, ನೀರು, ಗೊಬ್ಬರವನ್ನು ಉಣ್ಣುವುದು ಕಳೆ. ಐದಡಿ ಅಂತರದಲ್ಲಿ ನಾಟಿ ಮಾಡಿದರೆ ನಡುವೆ ಅಲಸಂದೆ, ಹೆಸರು, ಈರುಳ್ಳಿ, ಕೊತ್ತಂಬರಿಯಂಥ ಅಲ್ಪಾವಧಿ ಬೆಳೆಗಳು ಕಬ್ಬಿಗೆ ಮಣ್ಣೇರಿಸುವ ಮೊದಲೇ ಕೈಗೆ ಬರುತ್ತವೆ. ಅವರೆಯಂತೆ ಹಬ್ಬುವುದನ್ನು ಹಾಕಿದರೆ ಮಾತ್ರ ಕಬ್ಬಿನ ಮರಿಗಳು ನೆರಳಿಗೆ ಸಿಕ್ಕು ಕುಗ್ಗುತ್ತವೆ. ಕಾರ್ಖಾನೆಯ ಹಣ ತಡವಾಗುವ ಊರಿನಲ್ಲಿ, ಮೂರನೆಯ ತಿಂಗಳಲ್ಲಿ ಸಂತೆಯಿಂದ ಬರುವ ನಗದಿನ ಬೆಲೆ ಮೊತ್ತಕ್ಕಿಂತ ದೊಡ್ಡದು.

ನಾನು ತನಿ, ಎರಡು ಕೂಳೆ, ಒಂದು ಭತ್ತ, ಎಲ್ಲದರ ಲಾಭವನ್ನೂ ಒಂದೇ ಹಾಳೆಯಲ್ಲಿಳಿಸಿ ಒಟ್ಟು ತಿಂಗಳುಗಳಿಂದ ಭಾಗಿಸಿ ತೋರಿಸಿದೆ. ಅಣ್ಣ ಬಹಳ ಹೊತ್ತು ಹಾಳೆಯನ್ನೇ ನೋಡಿ, ಡೈರಿಯ ಮೂಲೆಯಲ್ಲಿ "ಐದಡಿ" ಎಂದು ಬರೆದುಕೊಂಡು, ಯಶವಂತಪುರದ ಮಾರುಕಟ್ಟೆಯಲ್ಲಿ ಈರುಳ್ಳಿ ದರ ಎಷ್ಟಿದೆಯೆಂದು ಕೇಳಿದ.