ಆಡೋ ಗೊಂಬಿ

“ಇದ್ರಾಗ ಆಡೋ ಗೊಂಬಿ ಯಾವ್ದ್ರಿ ಆಂಟಿ?”

ಕೇಳಿದವಳು ನಮ್ಮ ಅಪಾರ್ಟ್‌ಮೆಂಟಿನ ವಾಚ್‌ಮನ್ ಮಗಳು, ಎರಡನೇ ಕ್ಲಾಸು. ಕೇಳಿದ್ದು ನವರಾತ್ರಿಯ ಮೂರನೇ ದಿನ, ತದಿಗೆ ಸಂಜೆ. ಇವತ್ತು ಏಕಾದಶಿ. ಗೊಂಬೆಗಳನ್ನೆಲ್ಲ ಹಳೇ ಪಂಚೆ ಚೂರುಗಳಲ್ಲಿ ಸುತ್ತಿ ಟ್ರಂಕಿಗೆ ತುಂಬುತ್ತಾ ಕೂತಿದ್ದೇನೆ. ಎಂಟು ದಿನವಾದರೂ ಆ ಸಂಜೆ ತಲೆಯಿಂದ ಇಳಿದಿಲ್ಲ. ಅವಳು ಕೇಳಿದ್ದು ಹಾಗಿರಲಿ, ನಾನು ಹೇಳಿದ್ದು.

“ಯಾವ್ದೂ ಇಲ್ಲ ಪುಟ್ಟಿ. ಎಲ್ಲಾ ನೋಡೋ ಗೊಂಬೆ. ಮುಟ್ಬಾರ್ದು.”

ಶೆಟ್ಟಿ ಗೊಂಬೆಯ ಕಡೆ ಚಾಚಿದ್ದ ಕೈಯನ್ನು ಬಿಸಿ ತಗುಲಿದವಳ ಹಾಗೆ ಹಿಂದಕ್ಕೆಳೆದುಕೊಂಡಳು. ಆಮೇಲೆ ಎರಡೂ ಕೈಗಳನ್ನು ಬೆನ್ನ ಹಿಂದೆ ಕಟ್ಟಿ, ಬಲಗೈಯಿಂದ ಎಡ ಮಣಿಕಟ್ಟನ್ನು ಗಟ್ಟಿಯಾಗಿ ಹಿಡಿದು ನಿಂತಳು, ಎಲ್ಲಿ ಅದು ತಾನಾಗಿಯೇ ಹೊರಟುಬಿಡುತ್ತದೋ ಎನ್ನುವಂತೆ. ಉಸ್ಲಿಯ ದೊನ್ನೆ ಕೊಟ್ಟಾಗಲೂ ಒಂದೇ ಕೈ ಮುಂದೆ ಬಂತು.

ನಮ್ಮ ಮನೆಯಲ್ಲಿ ಗೊಂಬೆ ಹಬ್ಬ ಶುರುವಾಗುವುದು ಪಾಡ್ಯಕ್ಕಲ್ಲ, ಅಮ್ಮ ರಾಗಿ ನೆನೆಹಾಕಿದ ದಿನ. ಮಳೆ ಹಿಂದೆಗೆದು, ಆಕಾಶ ತೊಳೆದಿಟ್ಟ ಹಾಗಾಗಿ, ಮಾರ್ಕೆಟ್ಟಿಗೆ ಸೇವಂತಿಗೆ ಬರಲು ಶುರುವಾಯಿತೆಂದರೆ ಅಮ್ಮನ ಕೈ ಸುಮ್ಮನಿರುವುದಿಲ್ಲ. ಪಾಡ್ಯಕ್ಕೆ ಒಂದು ವಾರ ಮುಂಚೆ ಒಂದು ಹಿಡಿ ರಾಗಿ ರಾತ್ರಿಯಿಡೀ ನೆನೆದು, ಬಟ್ಟೆಯ ಗಂಟಿನಲ್ಲಿ ಮೊಳಕೆಯೊಡೆದು, ಟ್ರೇಯ ಮಣ್ಣಿಗೆ ಬೀಳುತ್ತದೆ. ಮೊದಲೆರಡು ದಿನ ಏನೂ ಕಾಣುವುದಿಲ್ಲ. ನನ್ನ ಮಗ ದಿನಕ್ಕೆ ಹತ್ತು ಸಲ ಬಗ್ಗಿ ನೋಡಿ, “ಅಜ್ಜಿ, ಈ ಸಲ ಫೇಲ್” ಎಂದು ಘೋಷಿಸುತ್ತಾನೆ. ಮೂರನೇ ದಿನ ಬೆಳಿಗ್ಗೆ ಮಣ್ಣಿನ ಮೇಲೆ ಹಸಿರು ಹೊಗೆಯಾಡಿದ ಹಾಗೆ ಕಾಣುತ್ತದೆ. ವಾರದೊಳಗೆ ಎರಡು ಬೆರಳೆತ್ತರದ ಪೈರು. ಮಧ್ಯೆ ಅಪ್ಪನ ಷೇವಿಂಗ್ ಕನ್ನಡಿ ಹೂತು, ಸುತ್ತ ಮರಳು ಹಾಕಿದರೆ ಕೆರೆ. ಅಪ್ಪ ಹೋಗಿ ಆರು ವರ್ಷವಾಯಿತು. ಕನ್ನಡಿ ಮಾತ್ರ ವರ್ಷಕ್ಕೊಮ್ಮೆ ಕೆರೆಯಾಗಲು ಹೊರಗೆ ಬರುತ್ತದೆ.

ಮೊದಲು ಮೈಸೂರಿನ ಮನೆಯಲ್ಲಿ ಮೆಟ್ಟಿಲೆಂದರೆ ಬೆಂಚು, ಟ್ರಂಕು, ಸೀಮೆಎಣ್ಣೆ ಡಬ್ಬ, ಅದರ ಮೇಲೆ ಅಪ್ಪನ ದಪ್ಪ ಪುಸ್ತಕಗಳು, ಎಲ್ಲದರ ಮೇಲೆ ಒಂದು ಬಿಳಿ ಪಂಚೆ. ಒಂಬತ್ತು ಮೆಟ್ಟಿಲು ಏರುತ್ತಿತ್ತು. ಬೆಂಗಳೂರಿನ ಈ ಹಾಲಿನಲ್ಲಿ ಮಡಚುವ ಸ್ಟ್ಯಾಂಡು, ಏಳೇ ಮೆಟ್ಟಿಲು. ಎಂಟು ಮಾಡೋಣವೇ ಎಂದು ನಮ್ಮವರು ಪ್ರತಿ ವರ್ಷ ಕೇಳುತ್ತಾರೆ. ಬೆಸಸಂಖ್ಯೆಯೇ ಇರಬೇಕೆಂದು ಅಮ್ಮ ಪ್ರತಿ ವರ್ಷ ಹೇಳುತ್ತಾರೆ. ಈ ಸಲ ನಮ್ಮವರು ಮೊಬೈಲಿನಲ್ಲಿ ಯಾವುದೋ ಆಪ್ ತೆಗೆದು ಮೆಟ್ಟಿಲು ಸಮವಾಗಿದೆಯೇ ಎಂದು ಅಳೆದರು. ಅಡುಗೆಮನೆಯಲ್ಲಿ ಕಾಯಿ ತುರಿಯುವವರಿಲ್ಲದೆ ನಾನು ಪರದಾಡುತ್ತಿದ್ದಾಗ ಇದು ನಡೆಯಿತು ಎನ್ನುವುದನ್ನೂ ಇಲ್ಲೇ ಬರೆದಿಡುತ್ತೇನೆ. ನಾದಿನಿ ದೂರದಿಂದಲೇ ವಿಡಿಯೋ ಕಾಲಿನಲ್ಲಿ, “ಅತ್ತಿಗೆ, ಆನೆ ಸ್ವಲ್ಪ ಎಡಕ್ಕೆ” ಎಂದು ನಿರ್ದೇಶನ ಕೊಟ್ಟಳು. ಅವಳ ಮನೆಯಲ್ಲಿ ಗೊಂಬೆ ಕೂರಿಸುವುದಿಲ್ಲ.

ಎಲ್ಲಕ್ಕಿಂತ ಮೇಲಿನ ಮೆಟ್ಟಿಲಲ್ಲಿ ಕಳಶ, ಪಕ್ಕದಲ್ಲಿ ಪಟ್ಟದ ಗೊಂಬೆಗಳು. ಅಮ್ಮನ ಮದುವೆಯಲ್ಲಿ ತವರಿನಿಂದ ಬಂದ ರಾಜ ರಾಣಿ. ರಕ್ತಚಂದನದ ಮರ, ವಯಸ್ಸಾಗಿ ಕಪ್ಪು ತಿರುಗಿದೆ. ರಾಣಿಗೆ ಪ್ರತಿ ವರ್ಷ ಹೊಸ ಸೀರೆ. ಈ ವರ್ಷ ನನ್ನ ಹಳೇ ರೇಷ್ಮೆ ರವಿಕೆಯ ತೋಳು ಬಿಚ್ಚಿ ಮಾಡಿದ್ದು. ನಾನು ಬೇಗ ಮುಗಿಯಲೆಂದು ಸೇಫ್ಟಿ ಪಿನ್ ತೆಗೆದುಕೊಂಡೆ. ಅಮ್ಮ ಕನ್ನಡಕದ ಮೇಲಿಂದ ನೋಡಿ, “ರಾಣಿಗೆ ಪಿನ್ ಚುಚ್ತೀಯೇನೇ?” ಎಂದರು. ಆಮೇಲೆ ತಾವೇ ಒಂದು ಗಂಟೆ ಕೂತು ನೆರಿಗೆ ಹಿಡಿದು, ಕಾಣದ ಹಾಗೆ ಹೊಲಿಗೆ ಹಾಕಿದರು. ಮಗ ರಾಜನ ಪೇಟಕ್ಕೆ ಜರಿ ಅಂಟಿಸಿದ. ಎರಡನೇ ಮೆಟ್ಟಿಲಿನ ಜಂಬೂಸವಾರಿ ಜೋಡಿಸುವಾಗ ಸ್ಕೂಲಿನಲ್ಲಿ ಕಲಿತದ್ದೆಲ್ಲ ಹೊರಬಂತು: 1610ರಲ್ಲಿ ಶ್ರೀರಂಗಪಟ್ಟಣದಲ್ಲಿ ರಾಜ ಒಡೆಯರು ದಸರಾ ಶುರುಮಾಡಿದ್ದು, ಚಿನ್ನದ ಅಂಬಾರಿ 750 ಕೆಜಿ ತೂಗುವುದು. ಅವನ ಕೈಯಲ್ಲಿದ್ದ ಮಣ್ಣಿನ ಆನೆ ಹೆಬ್ಬೆರಳಿನಷ್ಟು. ಒಂದು ಕಿವಿ ಇರಲಿಲ್ಲ.

ಎಲ್ಲಕ್ಕಿಂತ ಕೆಳಗೆ, ಮಕ್ಕಳ ಕಣ್ಣಿನ ಮಟ್ಟಕ್ಕೆ, ಶೆಟ್ಟಿ ಮತ್ತು ಶೆಟ್ಟಿಗಿತ್ತಿ. ಡೊಳ್ಳು ಹೊಟ್ಟೆ, ಮುಂದೆ ಅಂಗಡಿ. ಪುಟ್ಟ ಬಟ್ಟಲುಗಳಲ್ಲಿ ಅಕ್ಕಿ, ಕಡ್ಲೆಬೇಳೆ, ಹೆಸರುಕಾಳು, ಬೆಲ್ಲದ ಚೂರು. ಪಕ್ಕದಲ್ಲಿ ಚನ್ನಪಟ್ಟಣದ ಅಡುಗೆ ಸೆಟ್ಟು. ಮೈಸೂರಿಗೆ ಹೋಗುವ ದಾರಿಯಲ್ಲಿ ಒಮ್ಮೆ ಇಳಿದು ಅದನ್ನು ಮಾಡುವುದನ್ನು ನೋಡಿದ್ದೆವು. ಯಂತ್ರದಲ್ಲಿ ಗಿರಗಿರ ತಿರುಗುವ ಆಲೆ ಮರದ ತುಂಡಿಗೆ ಅರಗಿನ ಕಡ್ಡಿ ಒತ್ತಿ ಹಿಡಿದರೆ ಸಾಕು, ಉಜ್ಜಾಟದ ಬಿಸಿಗೇ ಅರಗು ಕರಗಿ ಬಣ್ಣ ಮರಕ್ಕೆ ಹತ್ತುತ್ತದೆ. ಮಗುವಿನ ಬಾಯಿಗೆ ಹೋದರೂ ಪರವಾಗಿಲ್ಲ ಸಾರ್, ತರಕಾರಿ ಬಣ್ಣ ಎಂದಿದ್ದರು ಮಾಡುವವರು. ಮಕ್ಕಳ ಬಾಯಿಗೂ ಹೋಗಬಹುದಾದ ಆಟಿಕೆಯನ್ನು ತಂದು ನಾನು ನೋಡುವ ಗೊಂಬೆ ಮಾಡಿಟ್ಟಿದ್ದೆ.

ತದಿಗೆ ಸಂಜೆ ಐದಾರು ಮಕ್ಕಳ ದಂಡು ಬೆಲ್ ಒತ್ತಿತು. “ಆಂಟಿ, ಗೊಂಬೆ ಕೂರ್ಸಿದೀರಾ?” ನಾವೂ ಚಿಕ್ಕಂದಿನಲ್ಲಿ ಬೀದಿಯ ಪ್ರತಿ ಮನೆಯ ಬಾಗಿಲಲ್ಲಿ ನಿಂತು ಹೀಗೇ ಕೂಗುತ್ತಿದ್ದೆವು. ಗೊಂಬೆ ನೋಡುವುದು ನೆಪ, ಕಣ್ಣೆಲ್ಲ ಚರಪಿನ ಮೇಲೆ. ಯಾರ ಮನೆಯಲ್ಲಿ ಕೊಬ್ಬರಿ ಮಿಠಾಯಿ, ಯಾರ ಮನೆಯಲ್ಲಿ ಬರೀ ಪುರಿ ಎಂಬ ಪಟ್ಟಿ ನಮ್ಮ ಬಳಿ ಇರುತ್ತಿತ್ತು. ಈಗ ಕೂಗಿಗೆ ಬದಲು ಬೆಲ್ಲು. ನನಗಂತೂ ಎದೆ ತುಂಬಿ ಬಂತು.

ದಂಡಿನಲ್ಲಿ ಮೂರನೇ ಮಹಡಿಯ ಹುಡುಗನಿದ್ದ. ಅವರ ಮನೆಯ ಗೊಂಬೆಗೆ ಈ ವರ್ಷ ಥೀಮು, ಚಂದ್ರಯಾನ. ಲೈಟು, ಹೊಗೆ, ರಾಕೆಟ್ಟಿನ ಪಕ್ಕ ಅಷ್ಟಲಕ್ಷ್ಮಿಯರು. ಚೆನ್ನಾಗಿಯೇ ಇತ್ತು, ಆದರೆ ಅವರಮ್ಮ ಅದನ್ನು ಮೂರು ಸಲ ವಿವರಿಸಬಾರದಿತ್ತು. ಈ ಹುಡುಗ ಒಳಗೆ ಬಂದವನೇ ನಮ್ಮ ಕಿವಿಯಿಲ್ಲದ ಆನೆಯನ್ನು ಎತ್ತಿಕೊಂಡು ಸೋಫಾದ ಮೇಲೆ “ಡುರ್ರ್” ಎಂದು ಓಡಿಸಿದ. ನಾನು ನಕ್ಕೆ. ಫೋಟೋ ಕೂಡ ತೆಗೆದೆ. ಮೊಬೈಲಿನಲ್ಲಿ ಇನ್ನೂ ಇದೆ, ಸಮಯ 6:42.

ಅದಾಗಿ ಒಂದೆರಡು ನಿಮಿಷಕ್ಕೆ ಅವಳು ಕೇಳಿದಳು. ನಾನು ಮುಟ್ಬಾರ್ದು ಎಂದೆ.

ಆಗ ಹೊಳೆಯಲಿಲ್ಲ. ರಾತ್ರಿ ಫೋಟೋಗಳನ್ನು ಫ್ಯಾಮಿಲಿ ಗ್ರೂಪಿಗೆ ಹಾಕುವಾಗ ಆ ಹುಡುಗನ ಕೈಯಲ್ಲಿ ಆನೆ ಕಂಡಿತು. ಅವನ ಹಿಂದೆ ಅರ್ಧ ಕತ್ತರಿಸಿದ ಹಾಗೆ ಅವಳ ಮುಖ, ಕಣ್ಣು ಆನೆಯ ಮೇಲೆ. ಅಂದರೆ ಅವಳು ನೋಡಿದ್ದಳು. ಒಬ್ಬನಿಗೆ ಆಡಲು ಬಿಟ್ಟಿದ್ದಾರೆ, ಹಾಗಾದರೆ ಆಡುವ ಗೊಂಬೆಯೂ ಇರಬೇಕು ಎಂದು ಲೆಕ್ಕ ಹಾಕಿಯೇ ಕೇಳಿದ್ದಳು. ಮುಟ್ಟುವ ಮುಂಚೆ ಕೇಳಿದವಳು ಅವಳೊಬ್ಬಳೇ.

ನನಗೆ ನಾನೇ ಎಷ್ಟೊಂದು ಸಮಾಧಾನ ಹೇಳಿಕೊಂಡೆ. ಆನೆ ಹಳೆಯದು, ಶೆಟ್ಟಿ ಅಜ್ಜಿಯ ಕಾಲದವನು, ಕೈ ಬೇರೆ ಸಡಿಲ. ಎಲ್ಲ ನಿಜವೇ. ಆದರೆ ಮೂರನೇ ಮಹಡಿಯ ಹುಡುಗ ಶೆಟ್ಟಿಯನ್ನೇ ಎತ್ತಿಕೊಂಡಿದ್ದರೆ? “ಹುಷಾರು ಕಂದ” ಎನ್ನುತ್ತಿದ್ದೆ. “ಮುಟ್ಬಾರ್ದು” ಎನ್ನುತ್ತಿರಲಿಲ್ಲ. ಯಾರೂ ಕಲಿಸದೆ ನಾಲಿಗೆ ತಾನಾಗಿಯೇ ಈ ವ್ಯತ್ಯಾಸ ಮಾಡುತ್ತದೆ. ಅವಳಪ್ಪನಿಗೆ ನಮ್ಮ ಮನೆಯಲ್ಲಿ ಬೇರೆ ಲೋಟವೇನೂ ಇಲ್ಲ, ಅವಳ ಸ್ಕೂಲ್ ಬ್ಯಾಗು ನಾವೇ ಕೊಡಿಸಿದ್ದು, ಇಂಥವನ್ನು ಎಣಿಸುತ್ತಾ ಮಲಗಿದೆ. ಎಣಿಸುತ್ತಿದ್ದೇನೆ ಎನ್ನುವುದೇ ಕಸಿವಿಸಿಯಾಯಿತು.

ಬೆಳಿಗ್ಗೆ ಕಾಳು ನೆನೆಹಾಕುವುದು ಮರೆತಿದ್ದಕ್ಕೆ ಬಿಸಿನೀರು ಕಾಯಿಸುತ್ತಾ ಅಮ್ಮನಿಗೆ ಹೇಳಿದೆ. ಪೂರ್ತಿ ಹೇಳಲಿಲ್ಲ. “ಶೆಟ್ಟಿ ಕೈ ಮುರಿದೀತು ಅಂತ ಬೈದುಬಿಟ್ಟೆ, ಪಾಪ” ಎಂದೆ.

“ಮುರಿಯೋಕೆ ಅದು ಕೈ ಆಗಿ ಉಳಿದಿದ್ರೆ ತಾನೆ” ಎಂದರು ಅಮ್ಮ.

ನಾಲ್ಕನೇ ಕ್ಲಾಸಿನಲ್ಲಿ ಶೆಟ್ಟಿಯ ಬಲಗೈ ಮುರಿದವಳು ನಾನು. ಮುರಿದ ಕೈಯನ್ನು ರಾಗಿ ಡಬ್ಬದಲ್ಲಿ ಬಚ್ಚಿಟ್ಟಿದ್ದೆ. ಮರುದಿನ ನೋಡಿದರೆ ಫೆವಿಕಾಲ್ ಹಾಕಿಸಿಕೊಂಡು ಶೆಟ್ಟಿ ತನ್ನ ಜಾಗದಲ್ಲಿ ಕೂತಿದ್ದ, ಯಾರೂ ಏನೂ ಅನ್ನಲಿಲ್ಲ. ಇಷ್ಟು ವರ್ಷ ಅದು ನನ್ನ ಗುಟ್ಟು ಎಂದುಕೊಂಡಿದ್ದೆ.

“ನೀನು ಮುರಿದಿದ್ದು ಅಂಟನ್ನ. ಕೈ ಮುರಿದಿದ್ದು ನಾನು” ಎಂದರು ಅಮ್ಮ ಬಿಸಿನೀರಿಗೆ ಕಾಳು ಸುರಿಯುತ್ತಾ. ಏಳು ವರ್ಷದವರಿದ್ದಾಗ, ದೊಡ್ಡವರೆಲ್ಲ ಮಲಗಿದ್ದ ಮಧ್ಯಾಹ್ನ, ಶೆಟ್ಟಿಯನ್ನು ಮಂಚದಡಿಗೆ ಎಳೆದುಕೊಂಡು ಹೋಗಿ ಅಂಗಡಿ ಆಟ ಆಡುವಾಗ. ಅಜ್ಜಿ ಬೆನ್ನಿಗೊಂದು ಗುದ್ದಿ, ಆಮೇಲೆ ಹುಣಸೆಬೀಜ ಹುರಿದು, ಸಿಪ್ಪೆ ತೆಗೆದು, ನೆನೆಸಿ ರುಬ್ಬಿ, ಕುದಿಸಿ ಅಂಟು ಮಾಡಿ ಹಚ್ಚಿದರಂತೆ. ಮೊನ್ನೆ ತಿರುಗಿಸಿ ನೋಡಿದೆ. ತೋಳಿನ ಸಂದಿನಲ್ಲಿ ಕಂದು ಬಣ್ಣದ ಗಟ್ಟಿ ಗೆರೆ, ಅದರ ಮೇಲೆ ಹಾಲು ಬಣ್ಣದ ಇನ್ನೊಂದು ಗೆರೆ. ಕೆಳಗಿನದು ಅಮ್ಮನದು, ಮೇಲಿನದು ನನ್ನದು.

ಅಮ್ಮ ದೊಡ್ಡ ಮಾತೇನೂ ಆಡಲಿಲ್ಲ. ಚೌತಿ ಸಂಜೆ ಮಕ್ಕಳು ಬರುವ ಹೊತ್ತಿಗೆ ಕೆಳಗಿನ ಮೆಟ್ಟಿಲನ್ನು ಖಾಲಿ ಮಾಡಿ, ಶೆಟ್ಟಿ ದಂಪತಿಯನ್ನೂ ಅಂಗಡಿಯನ್ನೂ ಅಡುಗೆ ಸೆಟ್ಟನ್ನೂ ಚಾಪೆಯ ಮೇಲೆ ಇಳಿಸಿ ಕೂತಿದ್ದರು. ಮೆಟ್ಟಿಲು ಆರಾಯಿತಲ್ಲ ಎಂದು ನಮ್ಮವರು ಎಣಿಸಿ ತೋರಿಸಿದರು. “ಚಾಪೆ ಏಳನೇದು” ಎಂದರು ಅಮ್ಮ. ಪಟ್ಟದ ಗೊಂಬೆಗೆ ಮಾತ್ರ ಯಾರೂ ಕೈ ಹಚ್ಚುವಂತಿಲ್ಲ. ಅಷ್ಟು ಬದಲಾಗುವ ಹೆಂಗಸಲ್ಲ ಅವರು.

ಅವಳು ಆ ದಿನ ಬರಲಿಲ್ಲ. ಪಂಚಮಿಗೂ ಬರಲಿಲ್ಲ. ಷಷ್ಠಿಯ ದಿನ ಹಾಲು ತರುವ ನೆಪದಲ್ಲಿ ಕೆಳಗಿಳಿದು ನಾನೇ ಕರೆದೆ. ಕ್ಷಮೆ ಕೇಳುವುದು ಹೇಗೆಂದು ಗೊತ್ತಾಗಲಿಲ್ಲ. “ಆಡೋ ಗೊಂಬೆ ಇದೆ, ಬಾ” ಎಂದೆ. ಅವಳಮ್ಮ ಒಮ್ಮೆ ನನ್ನನ್ನೂ ಒಮ್ಮೆ ಮಗಳನ್ನೂ ನೋಡಿ, “ಏನೂ ಒಡಿಬ್ಯಾಡ ನೋಡು” ಎಂದು ಕಳಿಸಿದರು. ಆ ಮಾತು ಮಗಳಿಗೆ ಹೇಳಿದ್ದೋ ನನಗೆ ಕೇಳಲೆಂದು ಹೇಳಿದ್ದೋ.

ಅವಳು ಮೊದಲು ಹೋಗಿ ಕೂತದ್ದು ರಾಗಿ ಪೈರಿನ ಮುಂದೆ. ಕೈ ಮತ್ತೆ ಹಿಂದೆ. “ನಮ್ಮೂರಾಗ ಇದು ದೇವ್ರ ಮುಂದ ಇರ್ತದ್ರಿ, ಘಟಕ್ಕ. ದಸರಾ ತನಕ ಮುಟ್ಟಂಗಿಲ್ಲ” ಎಂದಳು. ಅವರು ಯಾದಗಿರಿ ಕಡೆಯವರು. ಅಲ್ಲಿ ಗೊಂಬೆ ಕೂರಿಸುವ ಪದ್ಧತಿ ಇಲ್ಲ. ಘಟ ಇಟ್ಟು ಮಣ್ಣಿನಲ್ಲಿ ಕಾಳು ಬಿತ್ತುತ್ತಾರೆ. ನಾವು ಆನೆ ಕುದುರೆ ಓಡಾಡಿಸಲು ಪಾರ್ಕೆಂದು ಬೆಳೆಸಿದ್ದಕ್ಕೆ ಅವಳು ಕೈ ಮುಗಿಯುತ್ತಿದ್ದಳು. ಅಮ್ಮ, “ಹೌದಾ? ನಿಮ್ಮಲ್ಲಿ ಯಾವ ಕಾಳು ಹಾಕ್ತಾರೆ?” ಎಂದು ಶುರುಮಾಡಿದವರು ಅರ್ಧ ಗಂಟೆ ಅವಳನ್ನು ಬಿಡಲಿಲ್ಲ.

ಆಮೇಲಿನ ಸಂಜೆಗಳಲ್ಲಿ ಅಂಗಡಿ ಜೋರಾಗಿ ನಡೆಯಿತು. ಮೂರನೇ ಮಹಡಿಯವನು ಚಂದ್ರಯಾನ ಬಿಟ್ಟು ಇಲ್ಲೇ ಬಂದು ಹಮಾಲಿ ಕೆಲಸಕ್ಕೆ ಸೇರಿದ. ಅವಳು ಶೆಟ್ಟಿಯ ಹಿಂದೆ ಕೂತು, ಅವನ ಮುರಿದ ಕೈಯನ್ನು ಒಂದು ಬೆರಳಿನಿಂದ ಆನಿಸಿ ಹಿಡಿದು ವ್ಯಾಪಾರ ಮಾಡುತ್ತಿದ್ದಳು. ಕೈ ಸಡಿಲ ಎಂದು ಅವಳಿಗೆ ಯಾರೂ ಹೇಳಿರಲಿಲ್ಲ. ಅಮ್ಮ ಗಿರಾಕಿ. ಕಡ್ಲೆಬೇಳೆ ತೆಗೆದುಕೊಂಡು ದುಡ್ಡು ಕೊಡದೆ ಹೋಗುತ್ತಿದ್ದರು. ಅವಳು ಒಂದು ಚೀಟಿಯಲ್ಲಿ ಪೆನ್ಸಿಲಿನಿಂದ ಬರೆದಿಡುತ್ತಿದ್ದಳು. ಈಗ ಟ್ರಂಕಿಗೆ ತುಂಬುವಾಗ ಶೆಟ್ಟಿಯ ಪೀಠದಡಿ ಸಿಕ್ಕಿತು: “ಅಜ್ಜಿ ಸಾಲ 2 ರೂ, 2 ರೂ, 5 ರೂ.” ಮಗನ ಲೆಕ್ಕ ಬೇರೆಯಿದೆ. ಅವನು ನಗದು ಗಿರಾಕಿ.

ಚೀಟಿಯ ಜೊತೆ ಒಂದು ಬಟ್ಟಲು ನನ್ನ ಮುಂದಿದೆ. ಬೆಲ್ಲವಿದ್ದ ಬಟ್ಟಲು. ನಿನ್ನೆ ದಶಮಿಯ ಸಂಜೆ ಅವಳು ಹೊಸ ಲಂಗ ಹಾಕಿಕೊಂಡು, ಮುಷ್ಟಿ ತುಂಬ ಬನ್ನಿ ಎಲೆ ಹಿಡಿದು ಬಂದಳು. ಅಮ್ಮನ ಕೈಗೆ ನಾಲ್ಕು ಎಲೆ ಇಟ್ಟು ಕಾಲು ಮುಟ್ಟಿ, “ಬನ್ನಿ ತಗೊಂಡು ಬಂಗಾರದಂಗ ಇರೂಣ್ರಿ” ಎಂದಳು. ನನಗೂ ಕೊಟ್ಟಳು. ಉಳಿದದ್ದನ್ನು ನೇರ ಹೋಗಿ ಶೆಟ್ಟಿಯ ಅಂಗಡಿಯ ಬಟ್ಟಲಿಗೆ ಸುರಿದು ಹಿಂದೆ ಕೂತಳು.

“ಇದೇನು ಹೊಸ ಮಾಲು?” ಎಂದು ಕೇಳಿದೆ.

“ಬಂಗಾರ.”

“ಎಷ್ಟಮ್ಮ? ಅಜ್ಜಿ ಲೆಕ್ಕಕ್ಕೆ ಬರಕೊಂಡು ನಂಗೂ ಸ್ವಲ್ಪ ಕೊಡು.”

ಅವಳು ಶೆಟ್ಟಿಯ ಕೈಯನ್ನು ಬೆರಳಿನಿಂದ ಮೆಲ್ಲಗೆ ಮೇಲೆತ್ತಿ ಅಲ್ಲಾಡಿಸಿದಳು.

“ಬಂಗಾರಕ್ಕ ಸಾಲ ಇಲ್ರಿ.”