ಒಂದೇ ಲೈಬ್ರರಿ, ಎರಡು ಪ್ಯಾಕೇಜ್

ಪೈಥಾನ್ ಅನ್ನುವ ಪ್ರೋಗ್ರಾಮಿಂಗ್ ಭಾಷೆಯ ಆವೃತ್ತಿ 2ರಿಂದ 3ಕ್ಕೆ ಹೋಗುವುದು ಕೋಡ್ ಬರೆಯುವವರ ತಲೆನೋವು ಅಂತ ಎಲ್ಲರಿಗೂ ಗೊತ್ತು. ಲಿನಕ್ಸ್ ಡಿಸ್ಟ್ರೊಗಳಿಗೆ (ಲಿನಕ್ಸ್ ಆಪರೇಟಿಂಗ್ ಸಿಸ್ಟಂನ ಬೇರೆ ಬೇರೆ ರೂಪಗಳು) ಪ್ಯಾಕೇಜ್, ಅಂದರೆ ನೇರ ಇನ್‌ಸ್ಟಾಲ್ ಮಾಡುವಂಥ ಸಾಫ್ಟ್‌ವೇರ್ ಕಟ್ಟು, ಕಟ್ಟುವವರ ಪಾಡನ್ನು ಯಾರೂ ಕೇಳುವುದಿಲ್ಲ. 3.0 ಬಂದದ್ದು 2008ರ ಡಿಸೆಂಬರಿನಲ್ಲಿ, 2ಕ್ಕೆ ಬೆಂಬಲ ನಿಂತದ್ದು 2020ರ ಜನವರಿ 1ಕ್ಕೆ. ಅಷ್ಟೂ ವರ್ಷ ಡಿಸ್ಟ್ರೊದ ರೆಪೊಸಿಟರಿಯಲ್ಲಿ (ಪ್ಯಾಕೇಜ್‌ಗಳ ಭಂಡಾರ) ಎರಡನ್ನೂ ಸಾಕಬೇಕಿತ್ತು.

ಡೆಬಿಯನ್ ಅನ್ನುವ ಡಿಸ್ಟ್ರೊ ಹಿಡಿದ ದಾರಿ ನನಗೆ ಇಷ್ಟ. ಒಂದೇ ಲೈಬ್ರರಿಯ (ಬೇರೆ ಪ್ರೋಗ್ರಾಂಗಳು ಬಳಸುವ ಸಿದ್ಧ ಕೋಡ್) ಸೋರ್ಸ್‌ನಿಂದ ಎರಡು ಪ್ಯಾಕೇಜ್. ಹಳೆಯದರ ಹೆಸರು ಬರೀ 'ಪೈಥಾನ್' ಅಂತ ಶುರು, ಹೊಸದು 'ಪೈಥಾನ್3' ಅಂತ. ಎರಡೂ ಬೇರೆ ಬೇರೆ ಫೋಲ್ಡರ್‌ನಲ್ಲಿ ಕೂರುತ್ತಿದ್ದವು, ಜಗಳವಿರಲಿಲ್ಲ. 3ರ ಎಲ್ಲ ಆವೃತ್ತಿಗಳಿಗೂ ಒಂದೇ ಫೋಲ್ಡರ್. ಸಿ ಭಾಷೆಯಲ್ಲಿ ಬರೆದು ಕಂಪೈಲ್ ಮಾಡಿದ ಫೈಲುಗಳ ಹೆಸರಲ್ಲೇ 'ಸಿಪೈಥಾನ್-39' (39 ಅಂದರೆ 3.9) ಅಂತ ಆವೃತ್ತಿ ಇರುವುದರಿಂದ 3.9 ತನ್ನದನ್ನು, 3.10 ತನ್ನದನ್ನು ಹುಡುಕಿಕೊಳ್ಳುತ್ತದೆ. ಜಾಣತನ ಅಲ್ವಾ?

ಕಷ್ಟ ಇದ್ದದ್ದು ಹಳೆಯದನ್ನು ತೆಗೆಯುವುದರಲ್ಲಿ. ಸುಮ್ನೆ ಒಂದು ಲೈಬ್ರರಿ ಕಿತ್ತರೆ ಅದನ್ನು ನಂಬಿದ್ದೆಲ್ಲ ಮುರಿಯುತ್ತದೆ. ಹಾಗಾಗಿ ಬೇರೆ ಯಾವ ಪ್ಯಾಕೇಜೂ ನಂಬಿಕೊಂಡಿರದ ಪ್ಯಾಕೇಜಿನಿಂದ ಶುರು ಮಾಡಿ ಒಳಕ್ಕೆ ಬರಬೇಕು. ಆದರೆ ಒಂದರ ಟೆಸ್ಟಿಗೆ ಇನ್ನೊಂದು ಬೇಕು, ಆ ಇನ್ನೊಂದರ ಡಾಕ್ಯುಮೆಂಟೇಶನ್ ಕಟ್ಟಲು ಇದೇ ಬೇಕು ಅನ್ನುವ ಗಂಟು ಸಿಕ್ಕರೆ ಟೆಸ್ಟನ್ನೇ ಸ್ವಲ್ಪ ದಿನ ಆಫ್ ಮಾಡಿ ಮುಂದೆ ಹೋಗಬೇಕಾಗುತ್ತದೆ, ಬೇರೆ ದಾರಿ ಇಲ್ಲ.

ಆರ್ಚ್ ಲಿನಕ್ಸ್ ಅನ್ನುವ ಇನ್ನೊಂದು ಡಿಸ್ಟ್ರೊ 2010ರಲ್ಲೇ 'ಪೈಥಾನ್' ಅನ್ನುವ ಕಮಾಂಡ್ ಅಂದರೆ 3 ಅಂತ ಮಾಡಿಬಿಟ್ಟಿತ್ತು. ಆತುರ ಜಾಸ್ತಿಯಾಯಿತು ಅಂತ ನನ್ನ ಅಭಿಪ್ರಾಯ, ಎಷ್ಟೋ ಸ್ಕ್ರಿಪ್ಟ್‌ಗಳು ಮಗುಚಿಕೊಂಡವು. ಡೆಬಿಯನ್ 11ರಲ್ಲಿ ಆ ಕಮಾಂಡೇ ತಾನಾಗಿ ಇರುವುದಿಲ್ಲ. ಬೇಕಿದ್ದರೆ 'ಪೈಥಾನ್-ಈಸ್-ಪೈಥಾನ್3' ಅನ್ನುವ ಪ್ಯಾಕೇಜ್ ಹಾಕಿಕೊಳ್ಳಿ.